ಹುಪೇರೆತೇಸ್: ಹುಟ್ಟು ಹಿಡಿಯದ ಸೇವಕ

ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ಪೌಲನು ತನ್ನನ್ನೂ ತನ್ನ ಜೊತೆಗಾರರನ್ನೂ ಕ್ರಿಸ್ತನ ‘ಹುಪೇರೆತೇಸ್’ಗಳೆಂದು ಕರೆಯುತ್ತಾನೆ. ಕನ್ನಡ ಬೈಬಲಿನಲ್ಲಿ ಇದಕ್ಕೆ ‘ಸೇವಕ’ ಎಂಬ ಪದವಿದೆ. ಉಪದೇಶಕರಿಗೆ ಈ ಸರಳಾರ್ಥ ಸಾಲದಾಯಿತು. ಗ್ರೀಕಿನಲ್ಲಿ ‘ಹುಪೊ’ ಎಂದರೆ ಕೆಳಗೆ, ‘ಎರೆತೇಸ್’ ಎಂದರೆ ಹುಟ್ಟು ಹಾಕುವವನು. ಆದುದರಿಂದ ಯುದ್ಧನೌಕೆಯ ಕೆಳ ಅಂತಸ್ತಿನ ಕತ್ತಲಲ್ಲಿ ಕುಳಿತು, ಕಡಲನ್ನೇ ಕಾಣದೆ, ನಾಯಕನ ಆಜ್ಞೆಯೊಂದನ್ನೇ ನಂಬಿ ಹುಟ್ಟು ಹಾಕುವ ಗುಲಾಮನೇ ಹುಪೇರೆತೇಸ್ ಎಂಬ ವಿವರಣೆ ಹುಟ್ಟಿಕೊಂಡಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಆರ್. ಸಿ. ಟ್ರೆಂಚ್ ಹೊಸ ಒಡಂಬಡಿಕೆಯ ಸಮಾನಾರ್ಥಕ ಪದಗಳನ್ನು ಕುರಿತ ತನ್ನ ಗ್ರಂಥದಲ್ಲಿ ಈ ಪದದ ಮೂಲವನ್ನು ಹುಟ್ಟು ಹಾಕುವ ಕ್ರಿಯೆಗೆ ಜೋಡಿಸಿದನು. ಮುಂದೆ ವಿಲಿಯಂ ಬಾರ್ಕ್ಲೆಯ ಜನಪ್ರಿಯ ವ್ಯಾಖ್ಯಾನದಲ್ಲಿ ಅವನು ನೇರವಾಗಿ ನೌಕೆಯ ಕೆಳಸಾಲಿನ ಹುಟ್ಟುಗಾರನೇ ಆದನು. 1984ರಲ್ಲಿ ಡಿ. ಎ. ಕಾರ್ಸನ್, ವ್ಯಾಖ್ಯಾನದೋಷಗಳನ್ನು ಕುರಿತ ಪುಸ್ತಕದಲ್ಲಿ, ಧಾತುವಿನಿಂದಲೇ ಅರ್ಥವನ್ನು ಹಿಂಡುವ ತಪ್ಪಿಗೆ ಇದನ್ನೇ ನಿದರ್ಶನವಾಗಿ ಕೊಟ್ಟನು. ಚಿತ್ರವು ಮನಮೋಹಕವಾದುದರಿಂದ ಉಪದೇಶಗಳಲ್ಲಿ ಇಂದಿಗೂ ಉಳಿದಿದೆ.

ಭಾರತೀಯ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಈ ತೊಡಕು ಹೊಸದಲ್ಲ. ‘ಕುಶಲ’ ಎಂದರೆ ದರ್ಭೆಯನ್ನು ತರುವವನು. ಆ ಅರ್ಥ ಹೊಂದದೆಡೆ ‘ನಿಪುಣ’ ಎಂಬುದು ರೂಢಿಲಕ್ಷಣೆಯಿಂದ ಬರುತ್ತದೆಂದು ಮಮ್ಮಟನ ಮತ. ಸಾಹಿತ್ಯದರ್ಪಣಕಾರ ವಿಶ್ವನಾಥನು ಇದನ್ನು ಒಪ್ಪುವುದಿಲ್ಲ. ವ್ಯುತ್ಪತ್ತಿಯ ನಿಮಿತ್ತವೇ ಬೇರೆ, ಪ್ರಯೋಗದ ನಿಮಿತ್ತವೇ ಬೇರೆ. ಹಾಗಲ್ಲದಿದ್ದರೆ ‘ಗೋವು ಮಲಗಿದೆ’ ಎನ್ನುವಲ್ಲಿಯೂ ಲಕ್ಷಣೆಯನ್ನು ಹೇಳಬೇಕಾದೀತು, ಏಕೆಂದರೆ ‘ಗೋ’ ಶಬ್ದವು ಗಮನಾರ್ಥಕ ಧಾತುವಿನಿಂದ ಬಂದುದು! ಟ್ರೆಂಚನ ಓದುಗರಿಗೆ ಮಲಗಿದ ಈ ಗೋವಿನ ಪರಿಚಯವಿರಲಿಲ್ಲ.

ಪ್ರಯೋಗಗಳು ಏನು ಹೇಳುತ್ತವೆ? ಈಸ್ಕಿಲಸನ ಹೆಸರಿನಲ್ಲಿರುವ ‘ಬಂಧಿತ ಪ್ರೊಮಿಥಿಯಸ್’ ನಾಟಕದಲ್ಲಿ ದೇವತೆಗಳ ದೂತನಾದ ಹರ್ಮಿಸ್‌ನನ್ನು ಹುಪೇರೆತೇಸ್ ಎಂದು ಹಂಗಿಸಲಾಗಿದೆ, ಅಲ್ಲಿ ನೌಕೆಯಿಲ್ಲ. ಅಥೆನ್ಸಿನ ಮೂರು ಸಾಲಿನ ಯುದ್ಧನೌಕೆಯಲ್ಲಿ 170 ಮಂದಿ ಹುಟ್ಟು ಹಾಕುತ್ತಿದ್ದರು. ಸಾಲುಗಳಿಗೆ ತಕ್ಕಂತೆ ಅವರಿಗೆ ಥ್ರಾನಿತೇಸ್, ಜುಗಿತೇಸ್, ಥಲಮಿತೇಸ್ ಎಂಬ ಹೆಸರುಗಳಿದ್ದವು. ಕಟ್ಟಕೆಳಗಿನವನು ಥಲಮಿತೇಸ್, ಹುಪೇರೆತೇಸ್ ಅಲ್ಲ. ಅವರಲ್ಲಿ ಬಹುಪಾಲು ಸಂಬಳ ಪಡೆಯುವ ಸ್ವತಂತ್ರರು. ಸಂಕೋಲೆಯ ಹುಟ್ಟುಗಾರನ ಚಿತ್ರವನ್ನು ಜನಮನದಲ್ಲಿ ಊರಿಸಿದ್ದು 1880ರ ‘ಬೆನ್ ಹರ್’ ಕಾದಂಬರಿ, ಅನಂತರ ಅದರ ಚಲನಚಿತ್ರ. ಇನ್ನೂ ಸೋಜಿಗವೆಂದರೆ, ಇದೇ ಪದದಿಂದಾದ ‘ಹುಪೇರೆಸಿಯಾ’ ನೌಕಾಸಂದರ್ಭದಲ್ಲಿ ಹೆಸರಿಸುವುದು ಚುಕ್ಕಾಣಿಗಾರ, ಬಡಗಿ, ಕೊಳಲೂದುವವನು ಮೊದಲಾದ ಪರಿಣತ ಸಿಬ್ಬಂದಿಯನ್ನು, ಹುಟ್ಟು ಹಾಕದವರನ್ನು.

ಹೊಸ ಒಡಂಬಡಿಕೆಯಲ್ಲಿ ಈ ಪದ ಸುಮಾರು ಇಪ್ಪತ್ತು ಬಾರಿ ಬರುತ್ತದೆ. ಯೇಸುವನ್ನು ಬಂಧಿಸಲು ಬಂದ ಮಹಾಯಾಜಕರ ಕಾವಲಾಳುಗಳು, ನ್ಯಾಯಾಧಿಪತಿಯ ಓಲೇಕಾರ, ಯೇಸು ಓದಿದ ಸುರುಳಿಯನ್ನು ಮರಳಿ ಪಡೆದ ಸಭಾಮಂದಿರದ ಪರಿಚಾರಕ—ಎಲ್ಲರೂ ಹುಪೇರೆತೇಸ್‌ಗಳೇ. ಒಬ್ಬ ಒಡೆಯನ ಪರವಾಗಿ, ಅವನು ಕೊಟ್ಟ ಅಧಿಕಾರದಿಂದ ಕೆಲಸ ನಡೆಸುವವರು ಇವರು. ಪೌಲನ ವಾಕ್ಯದಲ್ಲಿಯೂ ಪಕ್ಕದ ಪದ ‘ಒಯ್ಕೊನೊಮೊಸ್’, ಮನೆಯ ಆಡಳಿತ ನೋಡುವ ಪಾರುಪತ್ಯಗಾರ. ಅಲ್ಲಿರುವುದು ಮನೆ, ಹಡಗಲ್ಲ.

ಇದು ಕೇವಲ ಕೋಶಕಾರರ ಜಗಳವಲ್ಲ. ಕೆಳ ಅಂತಸ್ತಿನ ಗುಲಾಮನ ಚಿತ್ರ ಓದುಗನಿಗೆ ಪ್ರಶ್ನಿಸದ ವಿಧೇಯತೆಯನ್ನು ಬೋಧಿಸುತ್ತದೆ. ಪೌಲನ ವಾದವಾದರೋ ಬೇರೆಡೆ ಸಾಗುತ್ತದೆ: ನಿಮ್ಮಿಂದಾಗಲಿ ಮನುಷ್ಯರ ನ್ಯಾಯಸ್ಥಾನದಿಂದಾಗಲಿ ವಿಚಾರಣೆಗೊಳಗಾಗುವುದು ತನಗೆ ಅತ್ಯಲ್ಪ ಸಂಗತಿ ಎನ್ನುತ್ತಾನೆ ಅವನು. ಲೆಕ್ಕ ಒಪ್ಪಿಸಬೇಕಾದುದು ಒಡೆಯನಿಗೆ ಮಾತ್ರ. ಅದು ಹುಟ್ಟಿಗೆ ಕಟ್ಟಿಹಾಕಿದವನ ದನಿಯಲ್ಲ; ಕೊರಿಂಥದ ಪಕ್ಷಪಂಗಡಗಳ ನಡುವೆ ನಿಂತ ಅಧಿಕೃತ ನಿಯೋಗಿಯ ದನಿ.

ಸಮುದ್ರದ ವಾಸನೆಯುಳ್ಳ ನಿಜವಾದ ಪದ ಅದೇ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದಲ್ಲಿದೆ. ಅಪೊಸ್ತಲರ ಕೃತ್ಯಗಳಲ್ಲಿ ಪೌಲನಿದ್ದ ಹಡಗನ್ನು ನಡೆಸಿದ ಚುಕ್ಕಾಣಿಗಾರ ‘ಕುಬೆರ್ನೇತೇಸ್’. ಅವನ ಕೌಶಲವೇ ‘ಕುಬೆರ್ನೇಸಿಸ್’. ಸಭೆಗೆ ದೇವರು ಕೊಟ್ಟ ವರಗಳನ್ನು ಎಣಿಸುವಾಗ ಪೌಲನು ಈ ಪದವನ್ನು ಬಹುವಚನದಲ್ಲಿ ಬಳಸುತ್ತಾನೆ. ಹೊಸ ಅನುವಾದಗಳು ಬಹುಮಟ್ಟಿಗೆ ಅದನ್ನು ‘ಆಡಳಿತ’ ಎಂದು ಹೇಳಿ ಮುಂದೆ ಸಾಗುತ್ತವೆ.