ಹಸಲರ ಒಲೆಯ ಮೇಲೆ ಏನಿದೆ?

ಜೋಗ ನೋಡಲೆಂದು ಸಾಗರಕ್ಕೆ ಹೋದವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ಅಲ್ಲಿಂದ ಹೊಸನಗರ, ನಗರದ ಕೋಟೆ, ತೀರ್ಥಹಳ್ಳಿಯ ತುಂಗೆ ಎಂದು ಸುತ್ತಿ, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಸಿಕೊಂಡು ಊರು ಸೇರಿರುತ್ತೀರಿ. ಅದೇ ದಾರಿಯಲ್ಲಿ, ಅಡಿಕೆ ತೋಟ ಮುಗಿದು ಕಾಡು ಶುರುವಾಗುವ ಕಡೆ, ಹಸಲರ ಮನೆಗಳಿವೆ. ಅಲ್ಲಿ ಎಂದಾದರೂ ನಿಂತಿದ್ದೀರಾ?

ಹಸಲರು ಪರಿಶಿಷ್ಟ ಪಂಗಡಕ್ಕೆ ಸೇರಿದ ಮಲೆನಾಡಿನ ಗಿರಿಜನರು. ಹೆಚ್ಚಿನವರಿಗೆ ತೋಟ, ಗದ್ದೆಯ ಕೂಲಿಯೇ ಆಧಾರ. ಜೊತೆಗೆ ಜೇನು, ಸೀಗೆ, ಉಪ್ಪಾಗೆ. ಮಳೆ ಜೋರು ಹಿಡಿಯಿತೋ, ಕೂಲಿ ನಿಂತಿತು. ಆಗ ಮನೆಯ ಹೆಂಗಸಿನ ಜಾಣ್ಮೆ ನೋಡಬೇಕು! ಚಗಟೆ ಸೊಪ್ಪು, ಕೆಸು, ಅಣಬೆ, ಹಳ್ಳದ ಏಡಿ, ಗದ್ದೆಗೆ ಹತ್ತುವ ಮೀನು, ಹೀಗೆ ಅಂಗಡಿಯ ಮುಖ ನೋಡದೆ ಒಲೆ ಹತ್ತುತ್ತದೆ. ಕಳಲೆಯನ್ನು ದಿನವೂ ನೀರು ಬದಲಿಸಿ ನೆನೆಸಿ ಕಹಿ ತೆಗೆಯುವುದು, ಕೆಸುವಿಗೆ ಹುಳಿ ಹಾಕಿ ತುರಿಕೆ ಕಳೆಯುವುದು, ಇವನ್ನೆಲ್ಲ ಯಾವ ಪುಸ್ತಕ ಕಲಿಸಿತು ಹೇಳಿ?

2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಹೊಟ್ಟೆ ತುಂಬಿತು, ನಿಜ. ಆದರೆ ಬರೀ ಅನ್ನ, ತಿಳಿಸಾರಿನಿಂದ ಮೈಗೆ ರಕ್ತ ಬಂದೀತೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ದೇಶದ ಪರಿಶಿಷ್ಟ ಪಂಗಡದ ಹೆಂಗಸರಲ್ಲಿ ಇದು ಸುಮಾರು 65. ಅದಕ್ಕೆಂದೇ ಸರ್ಕಾರ ಗಿರಿಜನರಿಗೆ ಬೇಳೆಕಾಳು, ಬೆಲ್ಲ, ಮೊಟ್ಟೆ, ಎಣ್ಣೆ, ತುಪ್ಪ ಕೊಡುವ ಯೋಜನೆ ಮಾಡಿತು. ಸಾಮಾನು ಹೊತ್ತಿಗೆ ಸರಿಯಾಗಿ ಮನೆ ಸೇರಿದರೆ ಬಸುರಿ, ಬಾಣಂತಿಯರಿಗೆ ದೊಡ್ಡ ಆಸರೆ.

ಉಣಿಸುವ ಕಾಡೇ ಬೇಸಿಗೆಯಲ್ಲಿ ಹೆದರಿಸುತ್ತದೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. 2018-19ರಲ್ಲಿ ಅದು ಸಾಗರದ ಅರಳಗೋಡು ಸುತ್ತ ಹಲವರ ಜೀವ ತೆಗೆಯಿತು. ಕಾಡಿನ ಉಣ್ಣಿಯಿಂದ ಹರಡುವ ಜ್ವರವಿದು. ಸೌದೆ, ತರಗೆಲೆಗೆ ಹೋಗುವವರು ಮೈಗೆ ಉಣ್ಣಿ ನಿವಾರಕ ಎಣ್ಣೆ ಹಚ್ಚಿಕೊಳ್ಳಬೇಕು. ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಬೇಕು.

ಈಗ ನಮ್ಮ ಅಡುಗೆಮನೆಗೆ ಬರೋಣ. ಚಗಟೆಯ ಎಳೆ ಚಿಗುರನ್ನು ಹೆಚ್ಚಿ, ಬೇಯಿಸಿ, ಕಾಯಿತುರಿ ಹಾಕಿ ಪಲ್ಯ ಮಾಡಿ. ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಅದು ಸಹಾಯ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಆ ಲಾಭ ಹೋಯ್ತು ಅನ್ನಿ. ಗಂಟೆ ಹೊತ್ತು ತಾಳಿ.

ಮಲೆನಾಡಿನಲ್ಲಿ ತೋಟ ಇರುವ ಸೋದರಿಯರಿಗೆ ಇನ್ನೊಂದು ಮಾತು. ಬೇಲಿಯ ಅಂಚಿಗೆ, ಕಾಲುವೆಯ ಬದಿಗೆ ಕಳೆನಾಶಕ ಹೊಡೆಸುವ ಮೊದಲು ಕೆಲಸಕ್ಕೆ ಬರುವ ಹೆಂಗಸರನ್ನು ಒಮ್ಮೆ ಕೇಳಿ. ನೀವು ಕಳೆ ಅಂದದ್ದು ಅವರ ಮನೆಯ ಇವತ್ತಿನ ಪಲ್ಯ ಆಗಿರಬಹುದು.