ಡಬ್ಬಿಯ ಮೇಲಿನ ಮಾತು

ಅತಿಥಿಗಳಿಗೆಂದು ನಾವು ದುಬಾರಿ ಬೆಲೆ ತೆತ್ತು ಜಪಾನಿನ ಮಾಚಾ ಚಹಾಪುಡಿ ತಂದೆವು. ಡಬ್ಬಿಯ ಮೇಲೆ ‘ಸೆರೆಮೋನಿಯಲ್ ಗ್ರೇಡ್’ ಎಂದಿತ್ತು. ತೆರೆದರೆ ಹಳದಿ ಬೆರೆತ ಮಂಕು ಬಣ್ಣ. ಕುಡಿದರೆ ಬರೀ ಕಹಿ. ಅತಿಥಿಗಳ ಮುಂದೆ ಮುಜುಗರವಾಯಿತು. ಜಪಾನಿನಲ್ಲಿ ಈ ದರ್ಜೆಗೆ ಕಾನೂನಿನ ಮಾನದಂಡವೇ ಇಲ್ಲವೆಂದು ಆಮೇಲೆ ತಿಳಿಯಿತು.

ಗುಣವಿರುವುದು ದುಡಿಮೆಯಲ್ಲಿ. ಉಜಿಯಂಥ ಕಡೆ ಕೊಯ್ಲಿಗೆ ಮುನ್ನ ಸುಮಾರು 3 ವಾರ ಗಿಡಗಳಿಗೆ ನೆರಳು ಕಟ್ಟುತ್ತಾರೆ. ಒಣಗಿಸಿದ ಎಲೆಯ ದಂಟು, ನಾರು ತೆಗೆದು ಬೀಸುತ್ತಾರೆ. ಕಲ್ಲಿನಲ್ಲಿ ಗಂಟೆಗೆ ಸಿಗುವುದು ಸುಮಾರು 40 ಗ್ರಾಂ. ಒಳ್ಳೆಯ ಪುಡಿ ಹೊಳೆಯುವ ಹಸಿರು, ಬೆರಳಿಗೆ ನುಣುಪು. ಬೆಳೆದ ಊರು, ದಿನಾಂಕ ನೋಡಿ ಕೊಳ್ಳಬೇಕು.

ಪ್ರವಾದಿ(ಸ)ರವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಅಡಗಿದ್ದ ತೇವವನ್ನು ಕಂಡ ಪ್ರಸಂಗ ನೆನಪಾಯಿತು. ಮುಚ್ಚಿಟ್ಟು ಮಾರುವುದು ತಪ್ಪು. ಆದರೆ ನಾವೂ ಮೇಲಿನ ಮಾತನ್ನಷ್ಟೇ ಓದಿ ನಂಬಿದ್ದೆವು.