ಹನ್ನೆರಡು ವರ್ಷದೊಳಗಿನ ಸಾಕ್ಷಿ

ವರದಿ ಏಳು ಪುಟಗಳದ್ದು. ಮೊದಲ ಪುಟದಲ್ಲಿ ನನ್ನ ಹೆಸರು, ವಯಸ್ಸು 28, ಓದು ಪಿಎಚ್.ಡಿ., ಬಳಸುವ ಕೈ ಬಲಗೈ, ಮಾತೃಭಾಷೆ ಕೊಂಕಣಿ, ಪರೀಕ್ಷೆ ನಡೆದ ಭಾಷೆ ಕನ್ನಡ. ಆಮೇಲೆ ಕೋಷ್ಟಕಗಳು. ನಾನು ತಿಂಗಳಿಂದ ಕಾಯುತ್ತಿದ್ದ ವಾಕ್ಯ ಕೊನೆಯ ಪುಟದಲ್ಲಿತ್ತು, ಆದರೆ ನಾನು ಕಾಯುತ್ತಿದ್ದ ರೂಪದಲ್ಲಿ ಇರಲಿಲ್ಲ. ವಯಸ್ಕರ ಎಡಿಎಚ್‌ಡಿಗೆ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆಗೆ ಹೊಂದುವ ಲಕ್ಷಣಗಳು ಕಾಣುತ್ತವೆ; ಆದರೆ ಅವು ಬಾಲ್ಯದಲ್ಲೂ ಇದ್ದವೆಂಬುದಕ್ಕೆ ತಾಯಿಯ ಹೇಳಿಕೆಯಲ್ಲಿ ಆಧಾರ ಸಿಕ್ಕಿಲ್ಲ; ಆದ್ದರಿಂದ ನಿರ್ಣಯವನ್ನು ಕಾಯ್ದಿರಿಸಲಾಗಿದೆ ಎಂದಿತ್ತು. ಎರಡು ಬೆಳಗುಗಳ ಪರೀಕ್ಷೆ ಒಂದು ಕಡೆ, ಆಯಿ ಫೋನಿನಲ್ಲಿ ಆಡಿದ ಹತ್ತು ನಿಮಿಷದ ಮಾತು ಒಂದು ಕಡೆ. ತಕ್ಕಡಿ ಆಯಿಯ ಕಡೆಗೇ ವಾಲಿತ್ತು.

ನಾನು ನಾಲ್ಕು ವರ್ಷದಿಂದ ಕಾರವಾರ ಬಂದರಿನ ಚರಿತ್ರೆಯ ಮೇಲೆ ಕೆಲಸ ಮಾಡುತ್ತಿದ್ದೇನೆ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋದ ಮೇಲೆ ಇಲ್ಲಿ ಏನೇನಾಯಿತು ಎಂಬುದು ವಿಷಯ. ಐದು ಅಧ್ಯಾಯ ಆಗಬೇಕು, ಐದೂ ಅರ್ಧರ್ಧ ಆಗಿವೆ. ಒಂದೇ ಪುಟವನ್ನು ಆರು ಸಲ ಓದಿ, ಏಳನೇ ಸಲಕ್ಕೂ ಅದು ಹೊಸದಾಗಿಯೇ ಕಾಣುವ ಸ್ಥಿತಿ ಬಂದಾಗ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಚೀಟಿ ಬರೆದುಕೊಟ್ಟರು.

ಪರೀಕ್ಷೆಗಳಲ್ಲಿ ಹೆಚ್ಚಿನವು ನಿಮ್ಹಾನ್ಸ್‌ನವರು ಸಿದ್ಧಪಡಿಸಿದ ಗುಚ್ಛದವು. ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರ್ ಎಂಬ ಮೂವರು 2004ರಲ್ಲಿ ಅದನ್ನು ಹೊರತಂದರು. ಅದರ ವಿಶೇಷ, ನಮ್ಮನ್ನು ಹೋಲಿಸುವುದು ಅಮೆರಿಕದವರ ಜೊತೆಗಲ್ಲ, ನಮ್ಮಂಥವರ ಜೊತೆಗೆ. ಅದರಲ್ಲೂ ಲಿಂಗ, ವಯಸ್ಸು, ಓದು ನೋಡಿ ಗುಂಪು ಮಾಡಿದ್ದಾರೆ: ಅನಕ್ಷರಸ್ಥರು, ಶಾಲೆ ಓದಿದವರು, ಕಾಲೇಜು ಓದಿದವರು. ನನ್ನಂಥ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ನಾನು ಕೆಳಗಿನಿಂದ ಎಷ್ಟನೆಯವಳು ಎಂಬುದೇ ಪರ್ಸೆಂಟೈಲ್. 15ಕ್ಕಿಂತ ಕೆಳಗಿದ್ದರೆ ಅಲ್ಲಿ ಕೊರತೆ ಇದೆ ಎಂದು ಲೆಕ್ಕ.

ಒಂದು ಪರೀಕ್ಷೆಯಲ್ಲಿ ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳಬೇಕು. ಸುಲಭ ಅಂದುಕೊಂಡೆ. ಮನಶ್ಶಾಸ್ತ್ರಜ್ಞೆ ಸೇರಿಸಿದರು: "ಹಕ್ಕಿ, ಹಾವು, ಮೀನು ಬೇಡ." ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳ ಮಗಳಿಗೆ ಮೀನು ಬೇಡ! ಬಂಗಡೆ, ತಾರ್ಲೆ, ಇಸ್ವಾಣ, ಲೇಪೆ, ಶೆಟ್ಲಿ ಎಲ್ಲ ಬಾಯಿಯ ಬಾಗಿಲಲ್ಲಿ ನಿಂತು ದಾರಿ ಬಿಡಲೇ ಇಲ್ಲ. ಹುಲಿ, ಸಿಂಹ ಆದಮೇಲೆ ಬಹಳ ಹೊತ್ತು ಆನೆಯೂ ಸಿಗಲಿಲ್ಲ.

ಇನ್ನೊಂದರಲ್ಲಿ ಕ, ಪ, ಮ ಅಕ್ಷರಗಳಿಂದ ಶುರುವಾಗುವ ಶಬ್ದಗಳನ್ನು ಹೇಳಬೇಕು. ಕಡಲು, ಕಲ್ಲು, ಕಾಗದ ಎಂದು ಹೋಗುತ್ತಿದ್ದವಳ ಬಾಯಲ್ಲಿ 'ಕೊಂಬೊ' ಬಂತು, ನಮ್ಮಲ್ಲಿ ಹುಂಜ. ಆಮೇಲೆ ಪಾವಸ, ಮಾಜರ. ಮಳೆ, ಬೆಕ್ಕು. ಅವರ ಪೆನ್ನು ನಿಂತಿತು. ಇವನ್ನು ಎಲ್ಲಿ ಬರೆಯಬೇಕು ಎಂಬುದಕ್ಕೆ ಕೈಪಿಡಿಯಲ್ಲಿ ಉತ್ತರ ಇದ್ದಂತಿರಲಿಲ್ಲ. ಅವರು ಪ್ರಾಮಾಣಿಕರು, ವರದಿಯಲ್ಲಿ ಎರಡೂ ಲೆಕ್ಕ ಕೊಟ್ಟಿದ್ದಾರೆ. ಕೊಂಕಣಿ ಬಿಟ್ಟರೆ ನಾನು ಗೆರೆಯ ಕೆಳಗೆ, ಸೇರಿಸಿದರೆ ಗೆರೆಯ ಮೇಲೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಪ್ರಬಂಧಕ್ಕೆ ಇಂಗ್ಲಿಷ್ ಎಂಬ ಇನ್ನೊಂದು ಭಾಷೆಯಲ್ಲಿ ಬದುಕುವವರಿಗೆ ಈ ಕೋಷ್ಟಕದಲ್ಲಿ ಒಂದು ಕಂಬಸಾಲು ಹೆಚ್ಚು ಬೇಕು ಅನ್ನಿಸಿತು.

ನಿಜಕ್ಕೂ ಕೆಳಗೆ ಬಿದ್ದದ್ದು ಬೇರೆ ಕಡೆ. ಪುಟದ ತುಂಬ ಅಂಕಿಗಳು, 50 ಸಾಲು, ಸಾಲಿಗೆ 30. ಅದರಲ್ಲಿ 6 ಮತ್ತು 9 ಕಂಡಲ್ಲೆಲ್ಲ ಗೀಟು ಹಾಕಬೇಕು. ಹತ್ತನೇ ಸಾಲಿನವರೆಗೆ ನಾನಿದ್ದೆ, ಆಮೇಲೆ ಕೈ ಮಾತ್ರ ಇತ್ತು. ಆದರೆ ನೆನಪಿನ ಪರೀಕ್ಷೆಯಲ್ಲಿ, 15 ಶಬ್ದಗಳನ್ನು ಐದು ಸಲ ಓದಿ ಹೇಳಿ, ಬಹಳ ಹೊತ್ತಿನ ಮೇಲೆ ಕೇಳಿದರೆ ಒಂದು ಬಿಟ್ಟು ಎಲ್ಲ ಹೇಳಿದ್ದೆ. ಮನಶ್ಶಾಸ್ತ್ರಜ್ಞೆ ಆ ಎರಡು ಸಂಖ್ಯೆಗಳ ಮೇಲೆ ಬೆರಳಿಟ್ಟು ಹೇಳಿದರು: "ನಿಮ್ಮದು ಮರೆವಲ್ಲ. ಒಳಗೆ ಹೋದದ್ದು ಉಳಿಯುತ್ತೆ. ಒಳಗೆ ಹೋಗೋದೇ ಕಷ್ಟ."

ಚಿಕ್ಕಂದಿನಿಂದ 'ಮರೆಗುಳಿ' ಎಂದು ಕರೆಸಿಕೊಂಡವಳಿಗೆ ಈ ಮಾತನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅವರು ಇನ್ನೊಂದನ್ನೂ ಬಿಡಿಸಿ ಹೇಳಿದರು. ಈ ಸಂಖ್ಯೆಗಳಷ್ಟರಿಂದಲೇ ಎಡಿಎಚ್‌ಡಿ ಎಂದು ಹೇಳಲು ಬರುವುದಿಲ್ಲ. ನಿದ್ದೆಗೆಟ್ಟವರು, ಖಿನ್ನತೆಯಲ್ಲಿರುವವರು, ಥೈರಾಯ್ಡ್ ಏರುಪೇರಾದವರು ಕೂಡ 6, 9 ಬಿಟ್ಟುಬಿಡುತ್ತಾರೆ. ತೀರ್ಮಾನ ಆಗುವುದು ಬದುಕಿನ ಕಥೆಯಿಂದ. ವೈದ್ಯರು ಅನುಸರಿಸುವ ಡಿಎಸ್‌ಎಂ-5 ಎಂಬ 2013ರ ಕೈಪಿಡಿಯ ಪ್ರಕಾರ ಲಕ್ಷಣಗಳಲ್ಲಿ ಹಲವು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಹಿಂದಿನ ಆವೃತ್ತಿಯಲ್ಲಿ ಈ ಗಡಿ 7 ವರ್ಷ ಇತ್ತು. ಅದನ್ನು ಕಂಡವರು ಯಾರಾದರೂ ಹೇಳಬೇಕು, ಇಲ್ಲವೇ ಶಾಲೆಯ ಕಾಗದ ಹೇಳಬೇಕು.

ನಮ್ಮ ಮನೆಯ ಟ್ರಂಕಿನಲ್ಲಿ ಜೋಪಾನವಾಗಿರುವ ಕಾಗದಗಳೆಂದರೆ ರೇಷನ್ ಕಾರ್ಡು, ಪಹಣಿ, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಪ್ರಾಥಮಿಕ ಶಾಲೆಯ ಪ್ರಗತಿಪತ್ರ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ನನ್ನ ಬಾಲ್ಯದ ಲಕ್ಷಣಗಳ ದಾಖಲೆ ಇದ್ದದ್ದು ಆಯಿಯ ಬೈಗುಳದಲ್ಲಿ ಮಾತ್ರ. 'ತಲೆ ಎಲ್ಲಿ ಅಡವಿಟ್ಟು ಬಂದೆ?' 'ಕೈಲಿದ್ದದ್ದು ನೆಲಕ್ಕೆ, ಕಣ್ಣು ಆಕಾಶಕ್ಕೆ.' ದಿನಕ್ಕೆ ಹತ್ತು ಸಲ ಇದನ್ನು ಹೇಳುತ್ತಿದ್ದವಳು ಆಸ್ಪತ್ರೆಯ ಫೋನ್ ಬಂದಾಗ, ವರದಿಯಲ್ಲಿ ಇರುವಂತೆ, 'ಶಾಂತ ಸ್ವಭಾವ, ಜಾಣೆ, ಹೇಳಿದ ಕೆಲಸ ಮಾಡುತ್ತಿದ್ದಳು, ಯಾವ ತೊಂದರೆಯೂ ಇರಲಿಲ್ಲ' ಎಂದಿದ್ದಳು.

ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದೆ. ಆಯಿ ಮಾರ್ಕೆಟ್ಟಿನಿಂದ ಬಂದು ಕಾಲು ತೊಳೆದು ಕೂತ ಮೇಲೆ ವರದಿ ತೋರಿಸಿದೆ. ಅವಳ ಮೊದಲ ಪ್ರಶ್ನೆ, "ಪಾಸೋ, ನಾಪಾಸೋ?"

ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಗುರುತಿಲ್ಲದವರು ಫೋನು ಮಾಡಿ ನಿಮ್ಮ ಮಗಳು ಹೇಗೆ ಅಂತ ಕೇಳಿದರೆ ಮತ್ತೇನು ಹೇಳೋದು ಗೊ? ಬರಕೊಳ್ತಾ ಇದ್ದರು. ಬರಕೊಂಡದ್ದು ಬರಕೊಂಡದ್ದೇ. ನಾಳೆ ಅದನ್ನೇ ಹಿಡಿದು ನಿನ್ನ ಓದು ನಿಲ್ಲಿಸಿದರೆ?"

ಬಿಣಗಾದವರ ಬಾಯಲ್ಲಿ ಈ ಮಾತು ಸುಮ್ಮನೆ ಬರುವುದಿಲ್ಲ. ಸೀಬರ್ಡ್ ನೌಕಾನೆಲೆಗಾಗಿ ಇಲ್ಲಿಂದ ಅಂಕೋಲಾದವರೆಗೆ ಸಾವಿರಾರು ಕುಟುಂಬಗಳು ಮನೆ, ಗದ್ದೆ ಬಿಟ್ಟವು. ಐಎನ್‌ಎಸ್ ಕದಂಬ 2005ರಲ್ಲಿ ಶುರುವಾಯಿತು, ಪರಿಹಾರದ ಮೊಕದ್ದಮೆಗಳು ಅದಾದ ಮೇಲೂ ವರ್ಷಗಟ್ಟಲೆ ನಡೆದವು. ಅಳೆಯಲು ಬಂದವರ ಮುಂದೆ ಆಡಿದ ಒಂದು ಮಾತು, ಪಟ್ಟಿಯಲ್ಲಿ ಬಿಟ್ಟುಹೋದ ಒಂದು ತೆಂಗಿನಮರ ಎಷ್ಟು ದುಬಾರಿ ಎಂದು ಆಯಿಯ ತಲೆಮಾರು ಕಂಡಿದೆ. ಅವಳು ಸುಳ್ಳು ಹೇಳಿರಲಿಲ್ಲ. ಬರೆದುಕೊಳ್ಳುವವರ ಮುಂದೆ ಏನು ಹೇಳಬೇಕೋ ಅದನ್ನು ಹೇಳಿದ್ದಳು.

ಈ ಕಾಗದದಿಂದ ಓದು ನಿಲ್ಲುವುದಿಲ್ಲ ಎಂದು ತಿಳಿಸಿದೆ. ಹಾಗೆ ನೋಡಿದರೆ ಬೇರೆ ಏನೂ ಸಿಗುವುದೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21ರ ಪಟ್ಟಿಯಲ್ಲಿ ಕಲಿಕೆಯ ನ್ಯೂನತೆ ಇದೆ, ಎಡಿಎಚ್‌ಡಿಯ ಹೆಸರಿಲ್ಲ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಮಹಿಳೆಯರು ಎರಡು ವರ್ಷ ಹೆಚ್ಚು ಪಡೆಯಬಹುದು. ಅಂದರೆ ನನ್ನ ಮೆದುಳಿನ ಲೆಕ್ಕದಲ್ಲಿ ಒಂದು ದಿನವೂ ಇಲ್ಲ, ಹೆಣ್ಣಾಗಿರುವ ಲೆಕ್ಕದಲ್ಲಿ ಎರಡು ವರ್ಷ. ಆಯಿಗೆ ಇದು ಬಹಳ ಸರಿ ಅನ್ನಿಸಿತು.

ಪ್ರಶ್ನಾವಳಿಯನ್ನು ಒಂದೊಂದಾಗಿ ಕೊಂಕಣಿಗೆ ತಿರುಗಿಸಿ ಓದಿದೆ. 'ಎದುರಿನವರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ—' ಎನ್ನುವಷ್ಟರಲ್ಲಿ ಆಯಿ "ಇಲ್ಲ, ಇಲ್ಲ" ಅಂದಳು. ನಾನು ಅವಳ ಮುಖ ನೋಡಿದೆ. ಅವಳು ಮುಂದಿನದನ್ನು ಓದು ಎಂದು ಕೈಸನ್ನೆ ಮಾಡಿದಳು. ಈ ತೊಂದರೆಯಲ್ಲಿ ವಂಶವಾಹಿಗಳ ಪಾಲು ದೊಡ್ಡದು ಎಂಬುದನ್ನು ಅವತ್ತು ಅವಳಿಗೆ ಹೇಳಲಿಲ್ಲ.

ಮರುದಿನ ಮನಶ್ಶಾಸ್ತ್ರಜ್ಞೆಗೆ ಫೋನ್ ಹಚ್ಚಿಕೊಟ್ಟೆ. ಆಯಿ ಮಾರ್ಕೆಟ್ಟಿನ ಕನ್ನಡದಲ್ಲಿ, ದನಿ ತಗ್ಗಿಸಿ, ಪಕ್ಕದ ಮನೆಗೆ ಕೇಳದಂತೆ ಹೇಳತೊಡಗಿದಳು. ಮೂರನೇ ಇಯತ್ತೆಯಲ್ಲಿದ್ದಾಗ ಎಣ್ಣೆ ತರಲು ಹೋದವಳು ಖಾಲಿ ಬಾಟಲಿ ಹಿಡಿದು ಸಂಜೆವರೆಗೆ ದಂಡೆಯಲ್ಲಿ ದೋಣಿ ನೋಡುತ್ತ ನಿಂತದ್ದು, ಕೇರಿಯೆಲ್ಲ ಹುಡುಕಿದ್ದು. ಒಂದು ಮಳೆಗಾಲಕ್ಕೆ ಮೂರು ಕೊಡೆ. ಮಾಸ್ತರು ಮನೆಗೇ ಬಂದು 'ಹುಡುಗಿ ತರಗತಿಯಲ್ಲಿ ಇರುತ್ತಾಳೆ, ಆದರೆ ಇರುವುದಿಲ್ಲ' ಎಂದದ್ದು. ಆ ಮಾಸ್ತರು ಮನೆಗೆ ಬಂದಿದ್ದು ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತು ವರ್ಷ ಅದನ್ನು ಅವಳೊಬ್ಬಳೇ ಇಟ್ಟುಕೊಂಡಿದ್ದಳು. ಕೊನೆಗೆ ದನಿ ಏರಿಸಿ ಕೇಳಿದಳು: "ಇದೆಲ್ಲ ಬರಕೊಂಡ್ರಾ ಮೇಡಂ? ಹಾಗಾದರೆ ಅವಳ ಹತ್ತನೇ ಇಯತ್ತೆಯ ಮಾರ್ಕ್ಸೂ ಬರಕೊಳ್ಳಿ."

ಎರಡು ವಾರದ ಮೇಲೆ ಪೂರಕ ಪುಟವೊಂದು ಬಂತು. ಎಡಿಎಚ್‌ಡಿ, ಗಮನದ ಕೊರತೆಯೇ ಪ್ರಧಾನವಾಗಿರುವ ಬಗೆ. ವೈದ್ಯರು ಮೀಥೈಲ್‌ಫೆನಿಡೇಟ್ ಗುಳಿಗೆ ಬರೆದರು. ಅದು ಔಷಧ ನಿಯಮಗಳ ಎಕ್ಸ್ ಅನುಸೂಚಿಯಲ್ಲಿದೆ, ಅಂಗಡಿಯವರು ಚೀಟಿಯ ಒಂದು ಪ್ರತಿಯನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಕಾರವಾರದಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದಲೇ ತರುತ್ತೇನೆ. ಮೂರನೇ ಅಧ್ಯಾಯದ ಉಳಿದರ್ಧ ನಡೆಯುತ್ತಿದೆ.

ಪೂರಕ ಪುಟದಲ್ಲಿ ಎಣ್ಣೆಯ ಬಾಟಲಿ, ಕೊಡೆ, ಮಾಸ್ತರು ಎಲ್ಲ ಬಂದಿದ್ದಾರೆ. ಅವುಗಳ ಕೆಳಗೆ, 'ಎಸ್ಸೆಸ್ಸೆಲ್ಸಿಯಲ್ಲಿ ಶೇ. 91 ಅಂಕ ಪಡೆದಿರುವುದಾಗಿ ತಾಯಿ ತಿಳಿಸಿದ್ದಾರೆ' ಎಂದೂ ಇದೆ. ಟ್ರಂಕಿನಲ್ಲಿರುವ ಅಂಕಪಟ್ಟಿಯ ಪ್ರಕಾರ ಅದು 89. ತಿದ್ದಿಸಲು ಹೋಗಿಲ್ಲ.